ವಿ. ಸೀತಾರಾಮಯ್ಯ

ವಿ. ಸೀತಾರಾಮಯ್ಯ (2 ಅಕ್ಟೋಬರ್ 1899 – 4 ಸೆಪ್ಟೆಂಬರ್ 1983) ಕನ್ನಡ ನವೋದಯ ಕಾಲದ ಕವಿ, ವಿಮರ್ಶಕ, ಪ್ರಬಂಧಕಾರ ಮತ್ತು ಅಧ್ಯಾಪಕರು. ವಿ.ಸೀ. ಎಂಬ ಹೆಸರಿನಿಂದ ಪ್ರಸಿದ್ಧರಾದ ಇವರ ಹುಟ್ಟೂರು, ಈಗಿನ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿಗೆ ಸೇರಿದ ಬೂದಿಗೆರೆ. ಸಾಮಾನ್ಯ ಓದುಗರಿಗೆ ಇವರು ಭಾವಗೀತೆಗಳ ಕವಿಯಾಗಿ ಪರಿಚಿತರು. ಆದರೆ ಚಿತ್ರಕಾರ ಕೆ. ವೆಂಕಟಪ್ಪ, ಪುರಂದರದಾಸರು, ಪಂಜೆ ಮಂಗೇಶರಾಯರು ಮೊದಲಾದವರ ಬದುಕನ್ನು ಬರೆದ ಜೀವನಚರಿತ್ರಕಾರರಾಗಿಯೂ ಇವರು ಮುಖ್ಯರು. ಕಲಾವಿದರ ಜೀವನವನ್ನು ಓದಿಸುತ್ತ ಮಕ್ಕಳಲ್ಲಿ ಅರ್ಥಗ್ರಹಣ ಶಕ್ತಿಯನ್ನು ಬೆಳೆಸಬೇಕೆನ್ನುವ ಅಧ್ಯಾಪಕರಿಗೆ ವಿ.ಸೀ. ಅವರ ಕೃತಿಗಳು, ಅವರು ಆರಿಸಿಕೊಂಡ ವ್ಯಕ್ತಿಗಳು ಮತ್ತು ಸ್ವತಃ ಅವರ ಬದುಕು ಒಳ್ಳೆಯ ಸಾಮಗ್ರಿಯನ್ನು ಒದಗಿಸುತ್ತವೆ.

ಜನನ, ವಿದ್ಯಾಭ್ಯಾಸ

ವಿ.ಸೀ. ಹುಟ್ಟಿದಾಗ ಬೂದಿಗೆರೆಯು ಮೈಸೂರು ಸಂಸ್ಥಾನದ ಒಂದು ಸಣ್ಣ ಊರು. ತಂದೆ ವೆಂಕಟರಮಣಯ್ಯ, ತಾಯಿ ದೊಡ್ಡವೆಂಕಮ್ಮ. ಉನ್ನತ ವಿದ್ಯಾಭ್ಯಾಸ ನಡೆದದ್ದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷನ್ನೂ ಎಂ. ಹಿರಿಯಣ್ಣನವರು ಸಂಸ್ಕೃತವನ್ನೂ ಅಲ್ಲಿ ಬೋಧಿಸುತ್ತಿದ್ದ ಕಾಲವದು. ವಿ.ಸೀ. ಎಂ.ಎ. ಪದವಿಗೆ ಆರಿಸಿಕೊಂಡ ವಿಷಯ ಅರ್ಥಶಾಸ್ತ್ರ. ಮುಂದೆ ಜೀವನವಿಡೀ ಕನ್ನಡವನ್ನು ಕಲಿಸಿದವರು ಕಾಲೇಜಿನಲ್ಲಿ ಓದಿದ್ದು ಹಣ, ಬೆಲೆ, ವ್ಯಾಪಾರಗಳ ಶಾಸ್ತ್ರವನ್ನು ಎಂಬುದು ಇಂದಿನ ವಿದ್ಯಾರ್ಥಿಗಳಿಗೆ ವಿಚಿತ್ರವೆನಿಸಬಹುದು. ಆ ಓದೂ ವ್ಯರ್ಥವಾಗಲಿಲ್ಲ. ಅರ್ಥಶಾಸ್ತ್ರವನ್ನು ಕನ್ನಡದಲ್ಲಿ ತಿಳಿಸುವ ‘ಹಣಪ್ರಪಂಚ’ ಎಂಬ ಪುಸ್ತಕವನ್ನು ಅವರು ಬರೆದರು.

ಅಧ್ಯಾಪನ

ವೃತ್ತಿಯ ಆರಂಭದಲ್ಲಿ ಕೆಲಕಾಲ ಮೈಸೂರಿನ ಶಾರದಾ ವಿಲಾಸ ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ಅನಂತರ ವಿಶ್ವವಿದ್ಯಾನಿಲಯದ ಸೇವೆಗೆ ಸೇರಿ ಮೈಸೂರು, ಬೆಂಗಳೂರು ಮತ್ತು ಚಿಕ್ಕಮಗಳೂರಿನ ಕಾಲೇಜುಗಳಲ್ಲಿ ಕನ್ನಡ ಬೋಧಿಸಿದರು. ಇವುಗಳಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ವರ್ಷಗಳು ಹೆಚ್ಚು ಹೆಸರು ತಂದವು. ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆಯ ಸಂಪಾದಕತ್ವವನ್ನೂ ವಹಿಸಿದ್ದರು. 1955ರಲ್ಲಿ ನಿವೃತ್ತರಾದ ಮೇಲೆ ಆಕಾಶವಾಣಿಯಲ್ಲಿ ಕೆಲಸ ಮಾಡಿದರು. ಆಮೇಲೆ ಉತ್ತರ ಕನ್ನಡದ ಹೊನ್ನಾವರಕ್ಕೆ ಹೋಗಿ ಅಲ್ಲಿನ ಕಾಲೇಜಿನ ಪ್ರಾಂಶುಪಾಲರಾದರು. ನಿವೃತ್ತಿಯ ನಂತರ ಮನೆಯಲ್ಲಿ ವಿಶ್ರಮಿಸಬಹುದಾಗಿದ್ದವರು ಕರಾವಳಿಯ ಒಂದು ಸಣ್ಣ ಪಟ್ಟಣಕ್ಕೆ ಹೋಗಿ ಮತ್ತೆ ವಿದ್ಯಾರ್ಥಿಗಳ ನಡುವೆ ನಿಂತದ್ದು ಗಮನಿಸತಕ್ಕ ವಿಷಯ. ಅದೇ ಜಿಲ್ಲೆಯ ಕುಮಟಾದಲ್ಲಿ 1953ರಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು.

ಕಾವ್ಯ

‘ಗೀತಗಳು’, ‘ದೀಪಗಳು’, ‘ನೆಳಲು ಬೆಳಕು’, ‘ದ್ರಾಕ್ಷಿ ದಾಳಿಂಬೆ’, ‘ಹೆಜ್ಜೆ ಪಾಡು’ ಮತ್ತು ‘ಅರಲು ಬರಲು’ ಅವರ ಕವನ ಸಂಕಲನಗಳು. ಕೊನೆಯದಕ್ಕೆ 1973ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ರಾಮನಿಗಾಗಿ ಕಾದಿರುವ ಶಬರಿಯನ್ನು ಕುರಿತ ಗೀತೆಯನ್ನೂ, ಮದುವೆಯಾದ ಮಗಳನ್ನು ಗಂಡನ ಮನೆಯವರಿಗೆ ಒಪ್ಪಿಸುವ ಸಂದರ್ಭದ ಗೀತೆಯನ್ನೂ ಕೇಳದ ಕನ್ನಡಿಗರು ವಿರಳ. ಎರಡನೆಯದು ಮದುವೆಯ ಮನೆಗಳಲ್ಲಿ ಎಷ್ಟು ಬಳಕೆಯಾಯಿತೆಂದರೆ ಅದನ್ನು ಜನಪದ ಗೀತೆಯೆಂದೇ ನಂಬಿದವರಿದ್ದಾರೆ. ಅದರಲ್ಲಿ ಮಾತನಾಡುತ್ತಿರುವವರು ಯಾರು, ಕೇಳಿಸಿಕೊಳ್ಳುತ್ತಿರುವವರು ಯಾರು, ಹೇಳದೆ ಉಳಿದ ದುಃಖ ಯಾವುದು ಎಂದು ಮಕ್ಕಳನ್ನು ಕೇಳಿದರೆ, ಅದನ್ನು ಬಾಯಿಪಾಠವಾಗಿ ಹಾಡಬಲ್ಲವರೂ ಒಂದು ಕ್ಷಣ ತಡವರಿಸುತ್ತಾರೆ. ಹಾಡಲು ಬರುವುದು ಬೇರೆ, ತಿಳಿಯುವುದು ಬೇರೆ ಎಂಬುದನ್ನು ತೋರಿಸಲು ಇಷ್ಟು ಸಾಕು.

ಗದ್ಯದಲ್ಲಿ ಹಂಪೆಯ ಪ್ರವಾಸವನ್ನು ವರ್ಣಿಸುವ ‘ಪಂಪಾಯಾತ್ರೆ’ ಹೊಸಗನ್ನಡದ ಮೊದಲ ಒಳ್ಳೆಯ ಪ್ರವಾಸ ಸಾಹಿತ್ಯ ಕೃತಿಗಳಲ್ಲೊಂದು. ‘ಮಹನೀಯರು’, ‘ಹಿರಿಯರು ಗೆಳೆಯರು’ ಎಂಬ ಸಂಕಲನಗಳಲ್ಲಿ ವ್ಯಕ್ತಿಚಿತ್ರಗಳಿವೆ. ‘ಕಾಲೇಜು ದಿನಗಳು’ ವಿದ್ಯಾರ್ಥಿ ಜೀವನದ ನೆನಪುಗಳು.

ಕಲಾವಿದರ ಜೀವನಚರಿತ್ರೆಗಳು

ವಿ.ಸೀ. ಇಂಗ್ಲಿಷಿನಲ್ಲಿಯೂ ಹಲವು ಕಿರು ಜೀವನಚರಿತ್ರೆಗಳನ್ನು ಬರೆದರು. ನ್ಯಾಷನಲ್ ಬುಕ್ ಟ್ರಸ್ಟ್‌ಗಾಗಿ ಪುರಂದರದಾಸರನ್ನು, ಸಾಹಿತ್ಯ ಅಕಾಡೆಮಿಗಾಗಿ ಪಂಜೆ ಮಂಗೇಶರಾಯರನ್ನು, ಲಲಿತಕಲಾ ಅಕಾಡೆಮಿಗಾಗಿ ಕೆ. ವೆಂಕಟಪ್ಪನವರನ್ನು, ಕೇಂದ್ರ ಸರ್ಕಾರದ ಪ್ರಕಟಣ ವಿಭಾಗಕ್ಕಾಗಿ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಪರಿಚಯಿಸಿದರು. ಕನ್ನಡ ನಾಡಿನ ಹಿರಿಯರನ್ನು ಹೊರಗಿನ ಓದುಗರಿಗೆ ತೋರಿಸುವುದು ಈ ಮಾಲೆಗಳ ಗುರಿ. ಇದರ ಒಂದು ಪರಿಣಾಮವೆಂದರೆ, ಬೂದಿಗೆರೆಯಲ್ಲಿ ಹುಟ್ಟಿದವರೊಬ್ಬರು ಮೈಸೂರಿನ ಚಿತ್ರಕಾರನನ್ನು ಕುರಿತು ಬರೆದ ಪುಸ್ತಕ ಬೂದಿಗೆರೆಯ ಕನ್ನಡ ಶಾಲೆಯ ಮಗುವಿನ ಕೈಗೆ ನೇರವಾಗಿ ಸಿಗುವಂತಿಲ್ಲ. ಅದನ್ನು ಸರಳ ಕನ್ನಡದಲ್ಲಿ ತಿರುಗಿ ಹೇಳುವ ಹೊಣೆ ಶಿಕ್ಷಕರ ಮೇಲೆಯೇ ಬೀಳುತ್ತದೆ.

ವೆಂಕಟಪ್ಪನವರು (1886–1965) ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದಲ್ಲಿ ಹುಟ್ಟಿದವರು. ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಿಂದ ಕಲ್ಕತ್ತೆಗೆ ಹೋಗಿ ಅಬನೀಂದ್ರನಾಥ ಠಾಕೂರರಲ್ಲಿ ಶಿಷ್ಯವೃತ್ತಿ ಮಾಡಿದರು. ನಂದಲಾಲ್ ಬೋಸ್ ಅವರ ಸಹಪಾಠಿಗಳಲ್ಲೊಬ್ಬರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಬರೆದ, ಹಿಂದೂ ಮತ್ತು ಬೌದ್ಧ ಪುರಾಣಗಳನ್ನು ಕುರಿತ ಗ್ರಂಥವು 1913ರಲ್ಲಿ ಪ್ರಕಟವಾದಾಗ ಅದರಲ್ಲಿ ವೆಂಕಟಪ್ಪನವರು ಬರೆದ ರಾಮಾಯಣದ ಚಿತ್ರಗಳೂ ಇದ್ದವು. ಕಲ್ಕತ್ತೆಯಲ್ಲಿಯೇ ಉಳಿದಿದ್ದರೆ ಬಂಗಾಳದ ಗೆಳೆಯರಷ್ಟೇ ಪ್ರಸಿದ್ಧಿ ಅವರಿಗೂ ಸಿಗುತ್ತಿತ್ತೇನೋ. ಆದರೆ ಅವರು ಮೈಸೂರಿಗೆ ಹಿಂದಿರುಗಿದರು.

ಹಿಂದಿರುಗಿದ ಮೇಲೆ ಅವರನ್ನು ಸೆಳೆದದ್ದು ವೀಣೆ. ವೀಣೆ ಶೇಷಣ್ಣನವರಲ್ಲಿ ಪಾಠ ಹೇಳಿಸಿಕೊಂಡು ಎಷ್ಟು ತನ್ಮಯರಾದರೆಂದರೆ, ಚಿತ್ರ ಮತ್ತು ವೀಣೆಗಳ ನಡುವಿನ ತಮ್ಮ ಎಳೆದಾಟವನ್ನೇ ಒಂದು ಚಿತ್ರಕ್ಕೆ ವಸ್ತುವಾಗಿಸಿಕೊಂಡರು. ಊಟಿ ಮತ್ತು ಕೊಡೈಕೆನಾಲ್ ಬೆಟ್ಟಗಳ ಮಂಜು, ಮಳೆ, ಬೆಳಕುಗಳನ್ನು ಹಿಡಿದ ಅವರ ಜಲವರ್ಣ ಚಿತ್ರಗಳು ಇಂದಿಗೂ ನೋಡುವವರನ್ನು ನಿಲ್ಲಿಸುತ್ತವೆ. ಅರಮನೆಗಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಉಬ್ಬುಚಿತ್ರಗಳನ್ನು ಮಾಡುತ್ತಿದ್ದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಅರಮನೆಯ ಕೆಲಸ ಮುಂದುವರಿಯಲಿಲ್ಲ. ವೆಂಕಟಪ್ಪನವರು ಮೈಸೂರನ್ನು ಬಿಟ್ಟು ಬೆಂಗಳೂರಿಗೆ ಬಂದು ನೆಲೆಸಿದರು. ಅವಿವಾಹಿತರಾಗಿಯೇ ಉಳಿದ ಅವರು ತಮ್ಮ ಕೃತಿಗಳನ್ನು ಸುಲಭವಾಗಿ ಮಾರುತ್ತಿರಲಿಲ್ಲ. ಅವರ ಹೆಸರಿನ ಚಿತ್ರಶಾಲೆ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಮಗ್ಗುಲಲ್ಲಿದೆ. ದೇವನಹಳ್ಳಿ, ಹೊಸಕೋಟೆಗಳ ಶಾಲೆಗಳಿಂದ ಮಕ್ಕಳನ್ನು ಒಂದೇ ದಿನದಲ್ಲಿ ಕರೆದುಕೊಂಡು ಹೋಗಿ ಬರುವಷ್ಟು ಅದು ಹತ್ತಿರ.

ಶಾಲೆಯ ಓದಿನಲ್ಲಿ

ಕನ್ನಡ ಪ್ರಶ್ನೆಪತ್ರಿಕೆಗಳಲ್ಲಿ ಗದ್ಯಭಾಗವನ್ನು ಕೊಟ್ಟು ಉತ್ತರಿಸಲು ಹೇಳುವ ಪದ್ಧತಿ ಬಹಳ ಹಳೆಯದು. ಅಲ್ಲಿ ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಯಾರು, ಎಲ್ಲಿ, ಯಾವಾಗ ಎಂಬಂಥವು. ವೆಂಕಟಪ್ಪನವರು ಎಲ್ಲಿ ಹುಟ್ಟಿದರು ಎಂದು ಕೇಳಿದರೆ, ಪ್ರಶ್ನೆಯಲ್ಲಿರುವ ಮಾತೇ ಇರುವ ಸಾಲನ್ನು ಹುಡುಕಿ ನಕಲು ಮಾಡುವ ಮಗು ಪೂರ್ಣಾಂಕ ಪಡೆಯುತ್ತದೆ. ಅದಕ್ಕೆ ಗದ್ಯಭಾಗ ಅರ್ಥವಾಗಿದೆಯೇ ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಹೀಗೆ ನಕಲು ಮಾಡಿಯೇ ಏಳನೆಯ ತರಗತಿಯವರೆಗೆ ಬಂದ ಮಕ್ಕಳನ್ನು ಎಲ್ಲ ಶಿಕ್ಷಕರೂ ಕಂಡಿದ್ದಾರೆ. ಅರ್ಥವಾಗದ ಓದಿನ ಹೊರೆ ಪ್ರೌಢಶಾಲೆಯಲ್ಲಿ ವಿಜ್ಞಾನ, ಸಮಾಜಗಳ ಪಾಠಗಳ ಮೇಲೂ ಬೀಳುತ್ತದೆ. ಶಾಲೆ ಬಿಡುವ ಮಕ್ಕಳಲ್ಲಿ ಇಂಥವರೂ ಇರುತ್ತಾರೆ.

ಕಲಾವಿದರ ಬದುಕು ಇಲ್ಲಿ ಉಪಯೋಗಕ್ಕೆ ಬರುವುದಕ್ಕೆ ಕಾರಣವಿದೆ. ಅದರಲ್ಲಿ ಇಸವಿಗಳ ಜೊತೆಗೆ ಆಯ್ಕೆಗಳಿರುತ್ತವೆ, ಮತ್ತು ಆಯ್ಕೆಗೆ ಕಾರಣ ಬಹಳ ಸಲ ಸಾಲಿನಲ್ಲಿ ಬರೆದಿರುವುದಿಲ್ಲ. ದೊರೆ ತೀರಿಕೊಂಡದ್ದಕ್ಕೂ ಚಿತ್ರಕಾರ ಊರು ಬಿಟ್ಟದ್ದಕ್ಕೂ ಏನು ಸಂಬಂಧ ಎಂದು ಕೇಳಿದರೆ ಮಗು ಮೂರು ವಾಕ್ಯಗಳನ್ನು ಒಟ್ಟಿಗೆ ಹಿಡಿದು ಯೋಚಿಸಬೇಕಾಗುತ್ತದೆ. ಕಲೆಗೆ ಆಶ್ರಯ ಕೊಡುವುದು ಎಂದರೇನು ಎಂಬ ಮಾತೂ ಆಗಲೇ ಬರುತ್ತದೆ. ಉಬ್ಬುಚಿತ್ರ ಎಂಬ ಪದದ ಅರ್ಥವನ್ನು ನಿಘಂಟಿನಿಂದ ಬರೆಸುವುದಕ್ಕಿಂತ, ದೇವಸ್ಥಾನದ ಗೋಡೆಯ ಮೇಲೆ ಕೈಯಾಡಿಸಿದ್ದು ನೆನಪಿದೆಯೇ ಎಂದು ಕೇಳುವುದು ಮೇಲು. ದೊಡ್ಡಬಳ್ಳಾಪುರದ ನೇಕಾರರ ಮನೆಯ ಮಗುವಿಗೆ ಸೀರೆಯ ಅಂಚಿನ ವಿನ್ಯಾಸದಿಂದ ಚಿತ್ರಕಲೆಯ ಮಾತನ್ನು ಆರಂಭಿಸಬಹುದು. ಪರಿಚಿತವಾದದ್ದರಿಂದ ಹೊರಟರೆ ಕಲ್ಕತ್ತೆಯೂ ದೂರವಾಗುವುದಿಲ್ಲ.

ಪುರಂದರದಾಸರ ಜೀವನ ಇನ್ನೊಂದು ಬಗೆಯ ಓದನ್ನು ಕಲಿಸುತ್ತದೆ. ಜಿಪುಣ ವ್ಯಾಪಾರಿ ಶ್ರೀನಿವಾಸ ನಾಯಕ, ಹೆಂಡತಿಯ ಮೂಗುತಿ, ಬಡ ಬ್ರಾಹ್ಮಣನಾಗಿ ಬಂದ ದೇವರು ಎಂಬ ಕಥೆಯನ್ನು ಮಕ್ಕಳು ಮನೆಯಲ್ಲಿಯೇ ಕೇಳಿರುತ್ತಾರೆ. ಅವರು ವಿಜಯನಗರ ಕಾಲದ ಹರಿದಾಸರು, ವ್ಯಾಸರಾಯರ ಶಿಷ್ಯರು ಎಂಬುದು ಚರಿತ್ರೆ. ಸಂಗೀತ ಕಲಿಯುವ ಮಕ್ಕಳು ಇಂದಿಗೂ ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದ ತೊಡಗುವ ಕ್ರಮವನ್ನು ಅವರೇ ಹಾಕಿಕೊಟ್ಟರೆಂದು ಸಂಗೀತಗಾರರ ಪರಂಪರೆ ಹೇಳುತ್ತದೆ. ಜನ ನಂಬಿ ಹೇಳುತ್ತ ಬಂದದ್ದು ಯಾವುದು, ದಾಖಲೆಯಿಂದ ತಿಳಿದದ್ದು ಯಾವುದು ಎಂದು ಬೇರ್ಪಡಿಸುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಐತಿಹ್ಯವನ್ನು ಸುಳ್ಳೆಂದು ತಳ್ಳುವ ಅಗತ್ಯವಿಲ್ಲ. ಜನ ಅದನ್ನು ಏಕೆ ಹೇಳುತ್ತ ಬಂದರು ಎಂಬುದೂ ಒಂದು ಪ್ರಶ್ನೆಯೇ.

ಪಂಜೆ ಮಂಗೇಶರಾಯರ (1874–1937) ವಿಷಯದಲ್ಲಿ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ಶಿಶುಗೀತೆಗಳು ಮತ್ತು ಕಥೆಗಳ ಮೂಲಕ ಅವರು ಮೊದಲೇ ಪರಿಚಿತರು. ಬಂಟವಾಳದವರಾದ ಇವರು ಶಾಲೆಗಳ ಇನ್‌ಸ್ಪೆಕ್ಟರರಾಗಿ ಊರೂರು ತಿರುಗಿದವರು, ಕವಿಶಿಷ್ಯ ಎಂಬ ಅಂಕಿತದಲ್ಲಿ ಬರೆದವರು. ಆ ಅಂಕಿತವನ್ನು ಏಕೆ ಆರಿಸಿಕೊಂಡಿರಬಹುದು ಎಂದು ಕೇಳಿದಾಗ ನಾಲ್ಕನೆಯ ತರಗತಿಯ ಮಕ್ಕಳು ಕೊಡುವ ಉತ್ತರಗಳು ಶಿಕ್ಷಕರ ಕೈಪಿಡಿಯಲ್ಲಿರುವುದಿಲ್ಲ.

ಕೊನೆಯ ವರ್ಷಗಳು

ಇಳಿವಯಸ್ಸಿನಲ್ಲಿಯೂ ವಿ.ಸೀ. ಬರವಣಿಗೆಯನ್ನು ನಿಲ್ಲಿಸಲಿಲ್ಲ. ಮೇಲೆ ಹೇಳಿದ ಜೀವನಚರಿತ್ರೆಗಳು ಅಧ್ಯಾಪಕ ವೃತ್ತಿಯಿಂದ ನಿವೃತ್ತರಾದ ಮೇಲಿನ ಕೆಲಸ. 1983ರ ಸೆಪ್ಟೆಂಬರ್ 4ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ ನಿಧನರಾದರು. ಬೆಂಗಳೂರು ಜಿಲ್ಲೆಯನ್ನು ವಿಭಜಿಸಿ ಗ್ರಾಮಾಂತರ ಜಿಲ್ಲೆಯನ್ನು ರಚಿಸಿದ್ದು 1986ರಲ್ಲಿ. ಹಳೆಯ ಪುಸ್ತಕಗಳಲ್ಲಿ ಇವರ ಹುಟ್ಟೂರನ್ನು ಬೆಂಗಳೂರು ಜಿಲ್ಲೆಯದೆಂದು ನಮೂದಿಸಿರುವುದು ಈ ಕಾರಣದಿಂದ.