ಪದಗಳ ಬೆನ್ನು ಹತ್ತಿದ ಕಿಟೆಲ್

ಮಕ್ಕಳೇ, ಪಾಠದಲ್ಲಿ ಗೊತ್ತಿಲ್ಲದ ಪದ ಬಂದಾಗ ನೀವು ಏನು ಮಾಡುತ್ತೀರಿ? ಗುರುಗಳನ್ನು ಕೇಳುತ್ತೀರಿ. ಇಲ್ಲವೇ ಶಾಲೆಯ ಕಪಾಟಿನಿಂದ ನಿಘಂಟು ತೆಗೆದು ನೋಡುತ್ತೀರಿ, ಅರ್ಥ ಬರೆದುಕೊಳ್ಳುತ್ತೀರಿ, ಮತ್ತೆ ಮುಚ್ಚಿಡುತ್ತೀರಿ. ಆ ದಪ್ಪ ಪುಸ್ತಕದೊಳಗೆ ಅಷ್ಟೊಂದು ಪದಗಳನ್ನು ತಂದು ಸಾಲಾಗಿ ಕೂರಿಸಿದವರು ಯಾರು ಎಂದು ಯೋಚಿಸಿದ್ದೀರಾ? ಕೀಟಗಳನ್ನು, ಕಲ್ಲುಗಳನ್ನು, ಗಿಡದ ಎಲೆಗಳನ್ನು ಸಂಗ್ರಹಿಸಿ, ಹೋಲಿಸಿ, ಗುಂಪು ಮಾಡುವವರನ್ನು ನಾವು ವಿಜ್ಞಾನಿಗಳು ಎನ್ನುತ್ತೇವೆ. ಅದೇ ಶಿಸ್ತಿನಿಂದ ಕನ್ನಡದ ಪದಗಳನ್ನು ಸಂಗ್ರಹಿಸಿದ ಒಬ್ಬರ ಬಗ್ಗೆ ಈ ಸಲ ತಿಳಿಯೋಣ. ಅವರ ಹೆಸರು ಫರ್ಡಿನಾಂಡ್ ಕಿಟೆಲ್.

ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ. ತಂದೆ ಚರ್ಚಿನಲ್ಲಿ ಪಾದ್ರಿಯಾಗಿದ್ದರು. ಇಲ್ಲೊಂದು ಸ್ವಾರಸ್ಯವಿದೆ. ಅದೇ 1832ರಲ್ಲಿ ವಿಲಿಯಂ ರೀವ್ ಎಂಬುವರ ಕನ್ನಡ-ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಅಚ್ಚಾಯಿತು. ಅದಕ್ಕಿಂತ ದೊಡ್ಡದನ್ನು ಮಾಡಲಿರುವ ಮಗು ಆಗ ದೂರದ ಜರ್ಮನಿಯಲ್ಲಿ ತೊಟ್ಟಿಲಲ್ಲಿತ್ತು!

ಹುಡುಗನಿಗೆ ಭಾಷೆಗಳೆಂದರೆ ಬಲು ಆಸೆ. ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಕಲಿತರು. ಮುಂದೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದ ಬಾಸೆಲ್ ಮಿಷನ್ ಸೇರಿ ತರಬೇತಿ ಪಡೆದರು. 1853ರಲ್ಲಿ ಮಿಷನ್ ಅವರನ್ನು ಭಾರತಕ್ಕೆ ಕಳುಹಿಸಿತು. ಆಗ ಅವರಿಗೆ 21 ವರ್ಷ. ಅವರು ಬಂದದ್ದು ಕ್ರೈಸ್ತ ಧರ್ಮ ಪ್ರಚಾರದ ಕೆಲಸಕ್ಕೆ. ಆದರೆ ಜನರ ಜೊತೆ ಮಾತಾಡಬೇಕಾದರೆ ಜನರ ಭಾಷೆ ಬರಬೇಕಲ್ಲವೇ? ಹಾಗಾಗಿ ಅವರೂ ನಿಮ್ಮ ಹಾಗೆಯೇ ಅ, ಆ, ಇ, ಈ ಯಿಂದಲೇ ಆರಂಭಿಸಬೇಕಾಯಿತು. ಕನ್ನಡ ಅವರನ್ನು ಎಷ್ಟು ಸೆಳೆಯಿತೆಂದರೆ, ಬಂದ ಕೆಲಸಕ್ಕಿಂತ ಕಲಿಯುವ ಕೆಲಸವೇ ದೊಡ್ಡದಾಯಿತು.

ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ, ಹೀಗೆ ಹಲವು ಊರುಗಳಲ್ಲಿ ಅವರು ಕೆಲಸ ಮಾಡಿದರು. ಹಳ್ಳಿಗಳನ್ನು ನಡೆದೇ ಸುತ್ತಿದರು. ಪಂಡಿತರ ಬಳಿ ಕುಳಿತು ತಾಳೆಗರಿ ಗ್ರಂಥಗಳನ್ನು ಓದಿದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ ಎಂಬ ಹಳೆಯ ವ್ಯಾಕರಣವನ್ನೂ, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಶೋಧಿಸಿ ಅಚ್ಚು ಹಾಕಿಸಿದರು. ಶಾಲೆಯ ಮಕ್ಕಳಿಗಾಗಿ ಪುಸ್ತಕಗಳನ್ನು ಸಿದ್ಧಪಡಿಸಿದರು.

ಆ ಕಾಲದ ಶಾಲೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಧಾರವಾಡ, ಬೆಳಗಾವಿ, ನಮ್ಮ ವಿಜಯಪುರದ ಸೀಮೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಮನೆಯಲ್ಲಿ ಕನ್ನಡ ಆಡುವ ಅನೇಕ ಮಕ್ಕಳು ಶಾಲೆಯಲ್ಲಿ ಓದು ಬರಹ ಕಲಿಯುತ್ತಿದ್ದುದು ಮರಾಠಿಯಲ್ಲಿ! ಅಕ್ಷರವೂ ಹೊಸದು, ಪದವೂ ಹೊಸದು. ಗೊತ್ತಿರುವ ಪದವನ್ನು ಅಕ್ಷರದಲ್ಲಿ ಗುರುತಿಸುವುದೇ ಓದಿನ ಮೊದಲ ಮೆಟ್ಟಿಲು. ಪದವೇ ಗೊತ್ತಿಲ್ಲದ ಮಗು ಅಕ್ಷರ ಕೂಡಿಸಿ ಕೂಡಿಸಿ ದಣಿಯುತ್ತದೆ. ಈ ಸ್ಥಿತಿಯನ್ನು ಬದಲಿಸಲು ಶಿಕ್ಷಣ ಇಲಾಖೆಯಲ್ಲಿದ್ದ ರಸೆಲ್ ಸಾಹೇಬರು ಮತ್ತು ಡೆಪ್ಯುಟಿ ಚನ್ನಬಸಪ್ಪನವರು ಬಹಳ ದುಡಿದರು. ಕನ್ನಡ ಶಾಲೆಗಳು ತೆರೆದವು, ಕನ್ನಡ ಪುಸ್ತಕಗಳು ಬಂದವು. ಚನ್ನಬಸಪ್ಪನವರ ಕಥೆ ಇನ್ನೊಂದು ಸಂಚಿಕೆಗೇ ಆಗುವಷ್ಟಿದೆ. ಇಂಥ ಹೊತ್ತಿನಲ್ಲಿ ಕಿಟೆಲ್ ನಿಘಂಟಿನ ಕೆಲಸಕ್ಕೆ ಕೈ ಹಾಕಿದರು.

ಪದವನ್ನು ಸಂಗ್ರಹಿಸುವುದು ಎಂದರೆ ಹೇಗೆ? ಕಿಟೆಲ್ ಪದವನ್ನೂ ಅರ್ಥವನ್ನೂ ಬರೆದು ಸುಮ್ಮನಾಗಲಿಲ್ಲ. ಆ ಪದವನ್ನು ಯಾವ ಹಳೆಯ ಕವಿ ಬಳಸಿದ್ದಾನೆ, ಯಾವ ಗಾದೆಯಲ್ಲಿ ಬರುತ್ತದೆ, ಯಾವ ಸೀಮೆಯ ಜನ ಆಡುತ್ತಾರೆ ಎಂದು ಗುರುತು ಮಾಡಿದರು. ಪ್ರಯೋಗದ ವರದಿಯಲ್ಲಿ ನೀವು ಪುರಾವೆ ಕೊಡುವುದಿಲ್ಲವೇ? ಹಾಗೆ. ಗಿಡಮರಗಳ ಹೆಸರು ಬಂದರೆ ಸಸ್ಯಶಾಸ್ತ್ರದ ಹೆಸರನ್ನೂ ಕೊಟ್ಟರು. ನಿಮ್ಮೂರ ಹಾದಿ ಬದಿಯಲ್ಲಿ ಬೆಳೆಯುವ ಎಕ್ಕದ ಗಿಡ ಗೊತ್ತಲ್ಲ, ಅದರ ವೈಜ್ಞಾನಿಕ ಹೆಸರು ಕ್ಯಾಲೋಟ್ರೊಪಿಸ್ ಜೈಗ್ಯಾಂಟಿಯಾ. ಭಾಷೆಯ ಪುಸ್ತಕದಲ್ಲಿ ಸಸ್ಯಶಾಸ್ತ್ರ!

ಮುಂದಿನದು ಇನ್ನೂ ಚೆಂದ. ಕನ್ನಡದ ಪದಗಳ ಪಕ್ಕದಲ್ಲಿ ತಮಿಳು, ತೆಲುಗು, ಮಲಯಾಳಂ, ತುಳು ಮುಂತಾದ ಭಾಷೆಗಳ ಪದಗಳನ್ನಿಟ್ಟು ಅವರು ಹೋಲಿಸಿದರು. ನೀವೂ ಹೋಲಿಸಿ ನೋಡಿ. ನಾವು ಹಾಲು ಎನ್ನುತ್ತೇವೆ, ತೆಲುಗಿನವರು ಪಾಲು ಎನ್ನುತ್ತಾರೆ, ತಮಿಳರು ಪಾಲ್ ಎನ್ನುತ್ತಾರೆ. ನಮ್ಮ ಹುಲಿ ಅವರಿಬ್ಬರಿಗೂ ಪುಲಿ. ನಮ್ಮ ಹೂ ತಮಿಳಿನಲ್ಲಿ ಪೂ. ಏನು ಕಂಡಿತು? ನಾವು ‘ಹ’ ಎನ್ನುವಲ್ಲಿ ಅವರು ‘ಪ’ ಎನ್ನುತ್ತಾರೆ. ಹಳೆಗನ್ನಡದಲ್ಲಿ ನಮ್ಮ ಹಿರಿಯರೂ ಪಾಲ್, ಪುಲಿ, ಪೂ ಎಂದೇ ಬರೆಯುತ್ತಿದ್ದರು. ಕಾಲ ಕಳೆದಂತೆ ಪದದ ಮೊದಲಿನ ‘ಪ’ ಕನ್ನಡದಲ್ಲಿ ‘ಹ’ ಆಯಿತು. ಬಂಡೆಯ ಪದರಗಳನ್ನು ನೋಡಿ ಭೂವಿಜ್ಞಾನಿ ಭೂಮಿಯ ಇತಿಹಾಸ ಹೇಳುವಂತೆ, ಪದದ ರೂಪ ನೋಡಿ ಭಾಷೆಯ ಹಳೆಯ ದಿನಗಳನ್ನು ಹೇಳಬಹುದು. ಬಳಕೆಯಿಂದ ಮರೆಯಾದ ಎರಡು ಅಕ್ಷರಗಳಿಗೂ, ಅಂದರೆ ಱ ಮತ್ತು ೞ ಗಳಿಗೂ, ಕಿಟೆಲ್ ತಮ್ಮ ನಿಘಂಟಿನಲ್ಲಿ ಸ್ಥಾನ ಕೊಟ್ಟರು. ನಾವೀಗ ಮಳೆ ಎಂದು ಬರೆಯುವ ಪದವನ್ನು ಒಂದು ಕಾಲಕ್ಕೆ ಮೞೆ ಎಂದು ಬರೆಯುತ್ತಿದ್ದರು.

ಈಗ ನಿಮಗೆ ಸಂಬಂಧಿಸಿದ ವಿಷಯಕ್ಕೆ ಬರೋಣ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳ ಶಾಲೆಗಳಿಗೆ ಹೋದಾಗ ನಾನೊಂದು ಸಂಗತಿ ಗಮನಿಸಿದ್ದೇನೆ. ಹೊಲದ ಬಗ್ಗೆ ನಾಲ್ಕು ವಾಕ್ಯ ಬರೆಯಿರಿ ಎಂದರೆ ಮಕ್ಕಳು ಪೆನ್ನು ಹಿಡಿದು ಸುಮ್ಮನೆ ಕೂಡುತ್ತಾರೆ. ಅದೇ ಬಾಯಿಂದ ಹೇಳಿರಿ ಎಂದರೆ ಎರಿ ಹೊಲ, ಕೂರಿಗಿ, ಕುಂಟಿ, ಕಣಕಿ, ಬಣವಿ ಎಂದು ಪದಗಳ ರಾಶಿಯನ್ನೇ ಹಾಕುತ್ತಾರೆ. ಇವು ಮನೆಯ ಮಾತು, ಪುಸ್ತಕದಲ್ಲಿ ಬರೆಯುವ ಮಾತಲ್ಲ ಎಂಬ ಅಂಜಿಕೆ ಅವರಿಗೆ. ಕಿಟೆಲ್ ನಿಘಂಟಿನಲ್ಲಿ ಕೂರಿಗೆಯೂ ಇದೆ, ಕುಂಟೆಯೂ ಇದೆ. ಪಂಪ ರನ್ನರ ಕಾಲದ ಪದಗಳು ಯಾವ ಸಾಲಿನಲ್ಲಿವೆಯೋ ಬಿತ್ತುವ ರೈತನ ಪದವೂ ಅದೇ ಸಾಲಿನಲ್ಲಿದೆ. ಅಷ್ಟೇ ಅಲ್ಲ, ನಮ್ಮ ಭಾಗದ ಆಡುಮಾತಿಗೆ ಅವರು ಒಂದು ಪ್ರತ್ಯೇಕ ಗುರುತನ್ನೇ ಇಟ್ಟಿದ್ದರು. ಬ್ರಿಟಿಷರು ಆಗ ಈ ಪ್ರದೇಶವನ್ನು ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದರು. ಆ ಹೆಸರಿನ ಸಂಕ್ಷಿಪ್ತ ರೂಪವೇ ಆ ಗುರುತು. ಮೈಸೂರು ಸೀಮೆಯ ಪದಗಳಿಗೂ ಹೀಗೆಯೇ ಬೇರೆ ಗುರುತು. ಇದು ಮೇಲು, ಅದು ಕೀಳು ಎಂದು ಅವರು ಬರೆಯಲಿಲ್ಲ. ಈ ಪದ ಇಲ್ಲಿ ಸಿಕ್ಕಿತು, ಆ ಪದ ಅಲ್ಲಿ ಸಿಕ್ಕಿತು ಎಂದಷ್ಟೇ ದಾಖಲಿಸಿದರು. ಅವರು ಪದ ಕೂಡಿಸುತ್ತಿದ್ದ ಆ ದಿನಗಳಲ್ಲಿ ನಮ್ಮ ಜಿಲ್ಲೆಗೆ ಕಲಾದಗಿ ಕೇಂದ್ರವಾಗಿತ್ತು. ವಿಜಯಪುರಕ್ಕೆ ಕಚೇರಿಗಳು ಬಂದದ್ದು 1885ರಲ್ಲಿ.

ಈ ಕೆಲಸಕ್ಕೆ ಕಿಟೆಲ್ ತೆತ್ತ ಬೆಲೆ ಸಣ್ಣದಲ್ಲ. ಮೊದಲ ಪತ್ನಿ ಪೌಲೀನ 1864ರಲ್ಲಿ ತೀರಿಕೊಂಡರು. ಮುಂದೆ ಅವರ ತಂಗಿ ಜೂಲಿಯನ್ನು ಮದುವೆಯಾದರು. 1877ರಲ್ಲಿ ಜರ್ಮನಿಗೆ ಮರಳಿ ಅಲ್ಲೇ ನಿಘಂಟಿನ ಕೆಲಸ ಮುಂದುವರಿಸಿದರು. ಆದರೆ ಕನ್ನಡ ಆಡುವವರೇ ಇಲ್ಲದ ಊರಲ್ಲಿ ಕುಳಿತು ಕನ್ನಡ ಪದದ ಸರಿ ತಪ್ಪು ನೋಡುವುದು ಹೇಗೆ? ಸಂಶಯ ಬಂದರೆ ಯಾರನ್ನು ಕೇಳುವುದು? 1883ರಲ್ಲಿ, ತಮ್ಮ 51ನೆಯ ವಯಸ್ಸಿನಲ್ಲಿ, ಮತ್ತೆ ಹಡಗು ಹತ್ತಿ ಬಂದರು. ಸುಮಾರು ಒಂಬತ್ತು ವರ್ಷ ಇಲ್ಲಿದ್ದು ಬರೆದದ್ದನ್ನೆಲ್ಲ ಜನರ ಮಾತಿನೊಂದಿಗೆ ತಾಳೆ ನೋಡಿದರು. 1892ರಲ್ಲಿ ಜರ್ಮನಿಗೆ ಹಿಂದಿರುಗಿದರು.

ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು. ಪುಟಗಳು 1752. ಪದಗಳು ಸುಮಾರು 70,000. ಒಂದು ಲೆಕ್ಕ ಮಾಡೋಣ. ನೀವು ದಿನಕ್ಕೆ 10 ಪದಗಳಂತೆ, ರವಿವಾರವೂ ಬಿಡದೆ, ಅರ್ಥಸಹಿತ ಬರೆಯುತ್ತಾ ಹೋದರೆ 70,000 ಪದಗಳಿಗೆ 7,000 ದಿನ ಬೇಕು. ಅಂದರೆ 19 ವರ್ಷಕ್ಕೂ ಹೆಚ್ಚು! ಪುಟಗಳನ್ನು ಅಚ್ಚು ಹಾಕುವುದೂ ಸುಲಭದ ಕೆಲಸವಾಗಿರಲಿಲ್ಲ. ಆಗ ಗಣಕಯಂತ್ರ ಇರಲಿಲ್ಲ. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಬೇಕಿತ್ತು. ಕಿಟೆಲ್ ಅವರ ಮನೆಮಾತು ಜರ್ಮನ್, ನಿಘಂಟು ಇದ್ದದ್ದು ಕನ್ನಡ ಮತ್ತು ಇಂಗ್ಲಿಷಿನಲ್ಲಿ. ಎರಡೂ ಅವರು ಕಲಿತ ಭಾಷೆಗಳೇ ಎಂಬುದನ್ನು ಮರೆಯಬೇಡಿ.

1896ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆಮೇಲೂ ಅವರು ಸುಮ್ಮನೆ ಕೂಡಲಿಲ್ಲ. ಕನ್ನಡದ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರ್ 18ರಂದು ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ಅವರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿದರು, ಮದರಾಸು ವಿಶ್ವವಿದ್ಯಾಲಯ ಅದನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ದೊಡ್ಡ ನಿಘಂಟು 1995ರಲ್ಲಿ ಪೂರ್ಣವಾಯಿತು. ಬೆಂಗಳೂರಿಗೆ ಹೋದಾಗ ಮಹಾತ್ಮ ಗಾಂಧಿ ರಸ್ತೆಯಲ್ಲಿ ಕಿಟೆಲ್ ಅವರ ಪ್ರತಿಮೆಯನ್ನು ನೋಡಬಹುದು.

ಮಾಡಿ ನೋಡಿ: ಹಳೆಯ ಮದುವೆ ಪತ್ರಿಕೆಗಳನ್ನು ಬೆಂಕಿಪೆಟ್ಟಿಗೆಯ ಅಳತೆಗೆ ಕತ್ತರಿಸಿ ಚೀಟಿ ಮಾಡಿಕೊಳ್ಳಿ. ಅಜ್ಜ, ಆಯಿ, ಅವ್ವ, ಕಾಕಾ ಆಡುವ ಮಾತಿನಿಂದ ದಿನಕ್ಕೆ ಐದು ಪದ ಹೆಕ್ಕಿ. ಅವರು ಹೇಗೆ ಆಡುತ್ತಾರೋ ಹಾಗೆಯೇ ಬರೆಯಿರಿ, ಕೆಳಗೆ ಪುಸ್ತಕದ ರೂಪವನ್ನೂ ಬರೆಯಿರಿ. ಹಿಂಬದಿಗೆ ಅರ್ಥ, ಹೇಳಿದವರು ಯಾರು, ಊರು ಯಾವುದು ಎಂದು ಬರೆಯಿರಿ. ಆದರೆ ಒಂದು ಚಿತ್ರವನ್ನೂ ಹಾಕಿ. ನೂರು ಚೀಟಿಗಳಾದ ಮೇಲೆ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿ. ಮನೆ, ಮರ, ಮಳೆ, ಮಾವು, ಮೀನು, ಮೂಗು, ಇದು ಸರಿಯಾದ ಕ್ರಮ. ಏಕೆ ಎಂದು ನೀವೇ ಕಂಡುಹಿಡಿಯಿರಿ. ಬಳಿಕ ಆ ಚೀಟಿಗಳನ್ನು ಒಂದನೆಯ ತರಗತಿಯ ತಮ್ಮ ತಂಗಿಯರ ಮುಂದೆ ಹರಡಿ. ಚಿತ್ರ ನೋಡಿ ಪದ ಹೇಳಲಿ, ಪದ ನೋಡಿ ಅಕ್ಷರ ಹುಡುಕಲಿ. ಯಾವ ಪದವನ್ನು ಅವರು ಬೇಗ ಓದಿದರು, ಯಾವುದಕ್ಕೆ ತಡವರಿಸಿದರು ಎಂದು ಎರಡು ಕಲಂ ಮಾಡಿ ವಹಿಯಲ್ಲಿ ಬರೆದಿಡಿ.