ಹಸಿ ಗಾರೆಯ ಮೇಲೆ ಸುವಾರ್ತೆ ಬರೆದ ಸಹೋದರ



ಮಹಾಂತೇಶ ನಗರದ ನಮ್ಮ ಕುಟುಂಬಗಳು ಮಂಗಳೂರಿಗೆ ಹೋದಾಗ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ಹೊಕ್ಕು, ಕುತ್ತಿಗೆ ನೋಯುವವರೆಗೆ ಮೇಲೆ ನೋಡುತ್ತ ನಿಲ್ಲುತ್ತವೆ. ಆ ಚಿತ್ರಗಳನ್ನು ಬರೆದ ಕೈ ಯಾರದೆಂದು ಕೇಳುವವರು ಮಾತ್ರ ಕಡಿಮೆ.

ಅಂತೋನಿಯೊ ಮೊಸ್ಕೇನಿ 1854ರಲ್ಲಿ ಇಟಲಿಯ ಬೆರ್ಗಮೊ ಬಳಿಯ ಸ್ತೆತ್ಸಾನೊ ಎಂಬ ಊರಿನಲ್ಲಿ ಹುಟ್ಟಿದರು. ಬೆರ್ಗಮೊದ ಪ್ರಸಿದ್ಧ ಕಲಾಶಾಲೆಯಲ್ಲಿ ಕಲಿತರು. ಕಲಾವಿದರಾಗಿ ಬೆಳೆಯುವ ದಾರಿ ಮುಂದೆ ತೆರೆದಿದ್ದಾಗಲೇ, 1889ರಲ್ಲಿ ಯೇಸುಸಭೆ ಸೇರಿದರು. ಗುರುವಾಗಲು ಅಲ್ಲ, ಸಾಮಾನ್ಯ ಸಹೋದರನಾಗಿ ಸೇವೆ ಮಾಡಲು. ಅಂದಿನಿಂದ ಕುಂಚ ಅವರದೇ, ಕೀರ್ತಿ ಅವರದಲ್ಲ.

ಮಂಗಳೂರಿಗೆ ಬಂದು 1899ರಿಂದ 1901ರವರೆಗೆ ಆ ಪ್ರಾರ್ಥನಾಲಯವನ್ನು ಚಿತ್ರಗಳಿಂದ ತುಂಬಿದರು. ಮೇಲ್ಛಾವಣಿಗೆ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ, ಗೋಡೆಗಳಿಗೆ ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣ. ಗಾರೆ ಆರುವ ಮುನ್ನವೇ ಚಿತ್ರ ಮುಗಿಯಬೇಕು. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ಆದ್ದರಿಂದ ಒಂದು ದಿನಕ್ಕೆ ಮುಗಿಸಬಹುದಾದಷ್ಟೇ ಗಾರೆ ಹಾಕುವುದು ಈ ಕಲೆಯ ಕಟ್ಟಳೆ. ಅಲ್ಲಿ ಅವರು ಬರೆದದ್ದು ಸಂತ ಅಲೋಶಿಯಸರ ಬಾಳನ್ನು: ಅರಸುತನದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು, ರೋಮಿನಲ್ಲಿ ಪ್ಲೇಗ್ ರೋಗಿಗಳ ಆರೈಕೆ ಮಾಡಿ, 1591ರಲ್ಲಿ 23ರ ಹರೆಯದಲ್ಲೇ ತೀರಿಕೊಂಡ ಯುವಕನ ಕಥೆ.

ಇದೇ ಸಭೆಯ ಇನ್ನೊಬ್ಬ ಸಹೋದರ, ಮಿಲಾನಿನ ಜುಸೆಪ್ಪೆ ಕಾಸ್ತಿಲ್ಯೋನೆ, 1715ರಲ್ಲಿ ಚೀನಾ ಸೇರಿ ಲಾಂಗ್ ಶಿನಿಂಗ್ ಎಂಬ ಹೆಸರು ಪಡೆದಿದ್ದರು. ಒಮ್ಮೆ ಎಳೆದ ಗೆರೆಯನ್ನು ಅಳಿಸಲಾಗದ ರೇಷ್ಮೆಯ ಮೇಲೆ ಚೀನೀಯರ ರೀತಿಯಲ್ಲಿ ಬರೆಯಲು ಕಲಿತರು, ಬೀಜಿಂಗಿನ ದೇವಾಲಯದ ಗೋಡೆಗಳಿಗೂ ಚಿತ್ರ ಬರೆದರು. ಕ್ರೈಸ್ತರಿಗೆ ಹಿಂಸೆ ಬಂದಾಗ, ತಮಗೆ ಒಲಿದಿದ್ದ ಚಕ್ರವರ್ತಿಯ ಮುಂದೆ ಮೊಣಕಾಲೂರಿ ಅವರಿಗಾಗಿ ಬೇಡಿಕೊಂಡರು. 1766ರಲ್ಲಿ ಅಲ್ಲಿಯೇ ಮಣ್ಣಾದರು. ಇಬ್ಬರೂ ತವರಿಗೆ ಮರಳಲಿಲ್ಲ.

ಮೊಸ್ಕೇನಿಯವರ ಕೊನೆಯ ಕೆಲಸ ಕೊಚ್ಚಿಯ ಸಾಂತಾಕ್ರೂಜ್ ಪ್ರಧಾನಾಲಯದ್ದು. 1905ರ ನವೆಂಬರಿನಲ್ಲಿ, ಆ ದೇವಾಲಯದ ಪ್ರತಿಷ್ಠೆಗೆ ಕೆಲವೇ ದಿನಗಳಿರುವಾಗ, 51ನೇ ವಯಸ್ಸಿನಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು. ತಾವು ಸಿಂಗರಿಸಿದ ಪೀಠದ ಮುಂದೆ ನಡೆದ ಆ ಹಬ್ಬವನ್ನು ಅವರು ಕಾಣಲಿಲ್ಲ.

ತಂದೆತಾಯಂದಿರೇ, ಮಕ್ಕಳಿಗಾಗಿ ಪಟ್ಟ ಶ್ರಮದ ಫಲವನ್ನು ಕಾಣುವೆವೋ ಇಲ್ಲವೋ ಎಂಬ ಕಳವಳ ನಿಮಗೂ ಉಂಟು. ಇಡೀ ಗೋಡೆ ನಮ್ಮ ಕೈಯಲ್ಲಿಲ್ಲ. ಇಂದಿನ ಪಾಲಿನ ಗಾರೆಯಷ್ಟೇ ನಮ್ಮದು. ಅದು ಹಸಿಯಾಗಿರುವಾಗಲೇ ಒಂದು ಪ್ರಾರ್ಥನೆಯನ್ನು, ಒಂದು ಕ್ಷಮೆಯನ್ನು ಬರೆಯೋಣ. ಉಳಿದದ್ದನ್ನು ಪೂರ್ಣಗೊಳಿಸುವ ಕೈ ದೇವರದು.