ಎಲ್ಲರಿಗೂ ಬೇಕಾದವರು

ಒಬ್ಬ ಮನುಷ್ಯನು ಎಲ್ಲರಿಗೂ ಬೇಕಾದವನಾಗುವದು ಹೇಗೆ? ನಗುಮುಖವೂ ಸವಿಮಾತೂ ಇದ್ದರೆ ಸಾಕೆಂದು ಅನೇಕರು ಎಣಿಸುತ್ತಾರೆ. ಶ್ವಾರ್ಟ್ಸ್ ಅಯ್ಯನವರ ಚರಿತ್ರೆಯು ಬೇರೊಂದನ್ನು ಕಲಿಸುತ್ತದೆ.

ಕ್ರಿಸ್ತಿಯಾನ್ ಫ್ರೀಡ್ರಿಕ್ ಶ್ವಾರ್ಟ್ಸ್ ಎಂಬವರು 1726ರಲ್ಲಿ ಪ್ರಷ್ಯ ದೇಶದಲ್ಲಿ ಹುಟ್ಟಿ, 1750ರಲ್ಲಿ ತರಂಗಂಬಾಡಿಗೆ ಬಂದಿಳಿದರು. ಅನಂತರ ತಿರುಚನಾಪಳ್ಳಿಯಲ್ಲಿಯೂ ತಂಜಾವೂರಿನಲ್ಲಿಯೂ ಸೇವೆಮಾಡಿದರು. ಅವರು ಮದುವೆಯಾಗಲಿಲ್ಲ, ಸ್ವದೇಶಕ್ಕೆ ಹಿಂದಿರುಗಲೂ ಇಲ್ಲ. ತಮಿಳು, ಮರಾಠಿ, ಹಿಂದುಸ್ತಾನಿ, ಪಾರಸಿ ಭಾಷೆಗಳನ್ನು ಕಲಿತು, ಅವರವರ ನುಡಿಯಲ್ಲಿಯೇ ಜನರೊಂದಿಗೆ ಮಾತಾಡುತ್ತಿದ್ದರು.

1779ರಲ್ಲಿ ಇಂಗ್ಲಿಷರಿಗೂ ಮೈಸೂರಿನ ಹೈದರಾಲಿಗೂ ಮನಸ್ಸು ಕೆಟ್ಟಿರಲಾಗಿ, ಮದ್ರಾಸಿನ ಗವರ್ನರನು ಅಯ್ಯನವರನ್ನು ಶ್ರೀರಂಗಪಟ್ಟಣಕ್ಕೆ ಕಳುಹಿಸಿದನು. ಇಂಗ್ಲಿಷರನ್ನು ನಂಬದ ಹೈದರನು ಇವರನ್ನು ತನ್ನ ಬಳಿಯಲ್ಲಿ ಕುಳ್ಳಿರಿಸಿಕೊಂಡು ಮಾತಾಡಿದನು; ದಾರಿಯ ವೆಚ್ಚಕ್ಕೆ 300 ರೂಪಾಯಿಗಳನ್ನೂ ಕೊಟ್ಟನು. ಅಯ್ಯನವರು ಆ ಹಣವನ್ನು ಮದ್ರಾಸಿನ ಸರಕಾರಕ್ಕೆ ಒಪ್ಪಿಸಿದರು. ಅವರೇ ಇಟ್ಟುಕೊಳ್ಳಬೇಕೆಂದು ಸರಕಾರದವರು ಹೇಳಲು, ತಂಜಾವೂರಿನ ಬಡಮಕ್ಕಳ ಶಾಲೆಗಾಗಿ ಅದನ್ನು ತೆಗೆದಿರಿಸಿದರು. ಸಂಧಾನವು ಫಲಿಸಲಿಲ್ಲ, 1780ರಲ್ಲಿ ಯುದ್ಧವು ಹುಟ್ಟಿತು. ಆದರೂ ಈ ಪಾದ್ರಿಯನ್ನು ಯಾರೂ ತಡೆಯಬಾರದೆಂದು ಹೈದರನು ತನ್ನ ದಂಡಿಗೆ ಅಪ್ಪಣೆಕೊಟ್ಟನು.

ಆ ಯುದ್ಧದ ಕಾಲದಲ್ಲಿ ತಂಜಾವೂರಿನ ಕೋಟೆಯೊಳಗೆ ಧಾನ್ಯವು ತೀರಿ, ಜನರು ಬೀದಿಯಲ್ಲಿ ಬಿದ್ದು ಸಾಯತೊಡಗಿದರು. ಹೊರಗೆ ಹಳ್ಳಿಗಳಲ್ಲಿ ಧಾನ್ಯವಿತ್ತು, ತರುವದಕ್ಕೆ ಎತ್ತುಗಳಿರಲಿಲ್ಲ. ಮುಂಚೆ ದುಡಿದು ಕೂಲಿ ಕಾಣದ ರೈತರು ಅರಸನ ಮಾತಿಗೂ ಇಂಗ್ಲಿಷರ ಮಾತಿಗೂ ಕಿವಿಗೊಡಲಿಲ್ಲ. ಆಗ ಅಯ್ಯನವರು, ಹಣವನ್ನು ತಾವೇ ಕೈಯಾರೆ ಸಲ್ಲಿಸುವದಾಗಿ ಮಾತುಕೊಟ್ಟರು. ಎರಡು ಮೂರು ದಿನಗಳಲ್ಲಿ 1000ಕ್ಕೂ ಮಿಕ್ಕಿದ ಎತ್ತುಗಳು ಬಂದವು. 80,000 ಕಲ ಧಾನ್ಯವು ಕೋಟೆಯನ್ನು ಸೇರಿತು. ಕೊಟ್ಟ ಮಾತಿನಂತೆ ಹಣವೂ ಸಂದಿತು.

ಇವರು ಯಾರನ್ನೂ ಮುಖಸ್ತುತಿಯಿಂದ ಒಲಿಸಿಕೊಂಡವರಲ್ಲ. ತುಳಜಾಜಿ ಅರಸನ ತಪ್ಪುಗಳನ್ನು ಅವನೆದುರಿಗೇ ತಿಳಿಸುತ್ತಿದ್ದರು. ಆದರೂ 1787ರಲ್ಲಿ ಆ ಅರಸನು ಸಾಯುವ ಮೊದಲು ತನ್ನ ದತ್ತುಮಗನಾದ ಸರಫೋಜಿಯನ್ನು ಅವರ ಕೈಗೇ ಒಪ್ಪಿಸಬಯಸಿದನು. ತಪ್ಪನ್ನು ಮುಚ್ಚಿಡದವನು ಮಗುವಿಗೂ ಮೋಸಮಾಡನೆಂದು ಅವನು ಕಂಡಿದ್ದನೇನೋ!

ಅಯ್ಯನವರು 1798ನೆಯ ಫೆಬ್ರವರಿ 13ರಲ್ಲಿ ತೀರಿಕೊಂಡರು. ಅರಸನಾದ ಸರಫೋಜಿಯು ಕ್ರೈಸ್ತನಾಗಲಿಲ್ಲ. ಆದರೂ ಮರಣಶಯ್ಯೆಯಲ್ಲಿದ್ದ ಗುರುವಿನ ಕೈಯನ್ನು ತಾನು ಹಿಡಿದಿರುವ ಚಂದ್ರಕಾಂತಶಿಲೆಯ ಸ್ಮಾರಕವನ್ನು ಇಂಗ್ಲೆಂಡಿನಲ್ಲಿ ಮಾಡಿಸಿ, ತಂಜಾವೂರಿನ ದೇವಾಲಯದಲ್ಲಿ ಇರಿಸಿದನು.

ಸವಿಮಾತು ಸಂತೆಯ ದಿನಕ್ಕೆ ಸಾಕಾದೀತು. ಬರಗಾಲದಲ್ಲಿ ಜನರು ಹುಡುಕುವದು ಮಾತು ತಪ್ಪದವನನ್ನೇ. ನೆರೆಯವನು ನಮ್ಮ ಮಾತನ್ನು ನಂಬಿ ತನ್ನ ಎತ್ತುಗಳನ್ನು ಹೊಡೆದುಕೊಂಡು ಬಂದಾನೋ ಎಂದು ನಮ್ಮನಮ್ಮನ್ನು ಕೇಳಿಕೊಳ್ಳೋಣ.